ಕನ್ನಡಿ ತುಂಬಾ ಮೊಣಕೈಯೇ ಕಂಡರೆ

ಬೈಕಿನ ಕನ್ನಡಿಯಲ್ಲಿ ಅರ್ಧ ಮೊಣಕೈಯೇ ಕಾಣುತ್ತದೆ, ಹ್ಯಾಂಡಲ್ ತುದಿಗೆ ಹಾಕುವ ಗುಂಡು ಕನ್ನಡಿ ಕೊಳ್ಳಲಾ ಅಂತ ಕೇಳಿದ್ದೀರಿ. ದಿನಾ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಓಡಾಡುತ್ತೀರಲ್ವಾ, ಈಗಲೇ ದುಡ್ಡು ಹಾಕಬೇಡಿ.

ಮೊದಲು ಡಬಲ್ ಸ್ಟ್ಯಾಂಡ್ ಹಾಕಿ, ಓಡಿಸುವಾಗ ಕೂರುವ ಹಾಗೇ ಕೂತು ನೋಡಿ. ಹಿಂದಿನ ರಸ್ತೆ ಕನ್ನಡಿಯ ಮಧ್ಯಕ್ಕೆ ಬರಬೇಕು. ನಿಮ್ಮ ತೋಳು ಒಳಅಂಚಿನಲ್ಲಿ ಒಂದು ಗೆರೆಯಷ್ಟು ಕಂಡರೆ ಸಾಕು. ಆಮೇಲೆ ಕನ್ನಡಿ ಕಡ್ಡಿಯ ಬುಡದ ಲಾಕ್ ನಟ್ ಬಿಗಿ ಮಾಡಿ, ಇಲ್ಲದಿದ್ದರೆ ರಸ್ತೆಯ ಮೊದಲ ಹಂಪ್‌ಗೇ ಕನ್ನಡಿ ತಿರುಗುತ್ತದೆ.

ಮಳೆಗಾಲದಲ್ಲಿ ರೈನ್‌ಕೋಟ್ ಹಾಕಿಕೊಂಡೇ ಹೊಂದಿಸಿ. ನಾನು ಒಮ್ಮೆ ಬರೀ ಶರ್ಟಿನಲ್ಲಿ ಹೊಂದಿಸಿ ಹೊರಟಿದ್ದೆ. ಮಂಡಗದ್ದೆ ಹತ್ತಿರ ಮಳೆ ಹಿಡಿಯಿತು. ಗಾಳಿಗೆ ತೋಳು ಉಬ್ಬಿ, ಬಲಗನ್ನಡಿ ತುಂಬಾ ನೀಲಿ ಪ್ಲಾಸ್ಟಿಕ್! ಹಿಂದೆ ಬಸ್ಸಿದೆ ಅಂತ ಗೊತ್ತಾಗಿದ್ದು ಹಾರ್ನ್ ಕೇಳಿದಾಗಲೇ.

ಇಷ್ಟಾದರೂ ಸಾಲದಿದ್ದರೆ ಉದ್ದ ಕಡ್ಡಿಯ ಕನ್ನಡಿ ತಗೊಳ್ಳಿ. ಕಡ್ಡಿ ಉದ್ದವಾದಷ್ಟೂ ಅದುರುವುದು ಜಾಸ್ತಿ, ಅದಕ್ಕೆ ಸ್ವಲ್ಪ ದಪ್ಪದ್ದೇ ಇರಲಿ. ಗಾಜು ಉಬ್ಬಿದ್ದರೆ ಅಗಲ ಕಾಣುತ್ತದೆ, ಆದರೆ ಹಿಂದಿನ ಲಾರಿ ಇರುವುದಕ್ಕಿಂತ ದೂರ ಇದ್ದಂತೆ ತೋರುತ್ತದೆ. ಚಪ್ಪಟೆ ಗಾಜಿನಲ್ಲಿ ದೂರ ಸರಿಯಾಗಿ ಗೊತ್ತಾಗುತ್ತದೆ, ಅಗಲ ಕಮ್ಮಿ. ನನ್ನ ಓಟು ಉಬ್ಬು ಗಾಜಿಗೇ. ತಿರುಗುವ ಮುಂಚೆ ಹೆಗಲ ಮೇಲಿಂದ ಒಮ್ಮೆ ನೋಡಿಬಿಡಿ, ಯಾವ ಕನ್ನಡಿಯೂ ಪಕ್ಕದ ಮೂಲೆ ತೋರಿಸುವುದಿಲ್ಲ.

ತುದಿಯ ಗುಂಡು ಕನ್ನಡಿ ನೋಡೋಕೆ ಚೆಂದ, ಶಿವಮೊಗ್ಗದ ಗಾಂಧಿ ಬಜಾರಿನ ಸಂದಿಯಲ್ಲಿ ಯಾರಿಗಾದರೂ ತಗುಲುತ್ತದೆ ಅಷ್ಟೇ.

ಅಂದ ಹಾಗೆ, ಯಮಹಾ ಗಾಡಿಯಾದರೆ ಬಲಗನ್ನಡಿಯ ತಿರುಪಿನ ಮರೆ (ಥ್ರೆಡ್) ಸಾಮಾನ್ಯವಾಗಿ ಉಲ್ಟಾ ಇರುತ್ತದೆ. ಅಂಗಡಿಯಲ್ಲಿ ಗಾಡಿ ಹೆಸರು ಹೇಳಿಯೇ ಕೊಳ್ಳಿ.