ಗಿಡಗಳ ನಡುವಿನ ಅಂತರ, ಗಿಡದ ಆಕಾರ ಮತ್ತು ಇಳುವರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಆಯ್ದುಕೊಂಡ ಐದು ಪ್ರಶ್ನೆಗಳಲ್ಲಿ ಕೆಲವು ಗಿಡಗಳ ನಡುವಿನ ಅಂತರವನ್ನು ಕುರಿತವು, ಉಳಿದವು ಕುಡಿ ಚಿವುಟುವ ಮತ್ತು ಕೊಂಬೆ ಸವರುವ ಕೆಲಸವನ್ನು ಕುರಿತವು. ಕೇಳಿದವರು ಇವೆರಡನ್ನೂ ಬೇರೆ ಬೇರೆ ವಿಷಯಗಳೆಂದು ಭಾವಿಸಿದಂತಿದೆ. ಆದರೆ ಒಂದು ಗಿಡಕ್ಕೆ ಎಷ್ಟು ಜಾಗ ಬೇಕೆಂಬುದು ಅದನ್ನು ಯಾವ ಆಕಾರದಲ್ಲಿ ಬೆಳೆಸುತ್ತೇವೆ ಎಂಬುದನ್ನು ಅವಲಂಬಿಸಿದೆ. ಆದ್ದರಿಂದ ಉತ್ತರಗಳನ್ನು ಒಂದರ ಬೆನ್ನಿಗೆ ಒಂದರಂತೆ ಓದಬೇಕೆಂದು ಕೋರುತ್ತೇನೆ.

ಪ್ರಶ್ನೆ: ಒಂದೇ ತಳಿಯ ಟೊಮೆಟೊ ಸಸಿಗಳನ್ನು ಎರಡು ಮಡಿಗಳಲ್ಲಿ ನೆಟ್ಟಿದ್ದೆ. ಮೊದಲನೆಯದರಲ್ಲಿ ಸಾಲಿನಿಂದ ಸಾಲಿಗೆ 90 ಸೆಂ.ಮೀ., ಗಿಡದಿಂದ ಗಿಡಕ್ಕೆ 60 ಸೆಂ.ಮೀ. ಅಂತರವಿತ್ತು, ಎರಡನೆಯದರಲ್ಲಿ 60 ಮತ್ತು 30 ಸೆಂ.ಮೀ. ಒತ್ತಾಗಿ ನೆಟ್ಟ ಗಿಡಗಳು ಸಣಕಲಾಗಿ ಎತ್ತರಕ್ಕೆ ಬೆಳೆದವು, ಕಾಯಿ ಸಣ್ಣದಾಯಿತು, ಕೆಳಗಿನ ಎಲೆಗಳಿಗೆ ಚುಕ್ಕೆ ರೋಗ ಬಂತು. ಆದರೂ ಒಟ್ಟು ತೂಕ ಆ ಮಡಿಯಲ್ಲೇ ತುಸು ಹೆಚ್ಚಿತ್ತು. ಹಾಗಾದರೆ ಯಾವ ಅಂತರ ಸರಿ?

ಉತ್ತರ: ನೀವು ಕಂಡದ್ದರಲ್ಲಿ ವಿರೋಧವೇನೂ ಇಲ್ಲ. ಒಂದು ಗಿಡದ ಇಳುವರಿ ಬೇರೆ, ಆ ನೆಲದ ಇಳುವರಿ ಬೇರೆ. ಮೊದಲ ಮಡಿಯಲ್ಲಿ ಪ್ರತಿ ಗಿಡಕ್ಕೆ 0.54 ಚದರ ಮೀಟರ್ ಜಾಗ ಸಿಕ್ಕಿದೆ, ಎರಡನೆಯದರಲ್ಲಿ 0.18, ಹೆಕ್ಟೇರಿನ ಲೆಕ್ಕಕ್ಕೆ ತಂದರೆ ಸುಮಾರು 18,500 ಮತ್ತು 55,500 ಗಿಡಗಳು. ಗಿಡಗಳು ಮೂರು ಪಟ್ಟಾದರೂ ತೂಕ ತುಸುವೇ ಏರಿತೆಂಬುದು ಇಲ್ಲಿ ಮುಖ್ಯವಾದ ಸಂಗತಿ. ಗಿಡಗಳು ವಿರಳವಾಗಿದ್ದಾಗ ಒಂದಕ್ಕೊಂದು ತಾಗುವುದಿಲ್ಲವಾದ್ದರಿಂದ ಸಂಖ್ಯೆ ಹೆಚ್ಚಿದಷ್ಟೂ ಇಳುವರಿ ಹೆಚ್ಚುತ್ತದೆ; ಅವು ಒಂದರ ಪಾಲಿಗೆ ಇನ್ನೊಂದು ಕೈಹಾಕುವಷ್ಟು ಹತ್ತಿರವಾದ ಮೇಲೆ, ಹೆಚ್ಚಿಸಿದ ಪ್ರತಿ ಗಿಡವೂ ಉಳಿದವುಗಳನ್ನು ಅಷ್ಟಷ್ಟು ಕುಗ್ಗಿಸುತ್ತ ಹೋಗಿ, ಒಟ್ಟು ತೂಕ ಒಂದು ಮಟ್ಟದಲ್ಲಿ ನಿಂತುಬಿಡುತ್ತದೆ. ಜಪಾನಿನ ಕಿರಾ ಮತ್ತು ಅವರ ಸಹೋದ್ಯೋಗಿಗಳು 1950ರ ದಶಕದಲ್ಲಿ ಈ ಸಂಬಂಧವನ್ನು ಗಣಿತದ ಸೂತ್ರವಾಗಿ ನಿರೂಪಿಸಿದರು. ಮೇವಿನ ಬೆಳೆ, ಸೊಪ್ಪುಗಳಂತೆ ಗಿಡವಿಡೀ ಬಳಕೆಗೆ ಬರುವ ಕಡೆ ಇಳುವರಿ ಹೀಗೆ ಸಮತಟ್ಟಾಗಿ ನಿಲ್ಲುತ್ತದೆ. ಕಾಳು ಮತ್ತು ಕಾಯಿಯ ಬೆಳೆಗಳಲ್ಲಿ ಒಂದು ಗರಿಷ್ಠ ಮಟ್ಟ ಮುಟ್ಟಿದ ಮೇಲೆ ಇಳಿಯುತ್ತದೆ, ಏಕೆಂದರೆ ನೆರಳಿನಲ್ಲಿ ಹಸಿದ ಗಿಡ ಮೊದಲು ಕೈಬಿಡುವುದು ಹೂವನ್ನೂ ಹೀಚನ್ನೂ.

ಹಸಿವು ಇಲ್ಲಿ ಹೆಚ್ಚಾಗಿ ಬೆಳಕಿನದು. ನೆಲದ ಒಂದು ಚದರ ಮೀಟರಿನ ಮೇಲೆ ಎಷ್ಟು ಚದರ ಮೀಟರ್ ಎಲೆ ಹರಡಿದೆ ಎಂಬ ಅಳತೆಗೆ ಎಲೆ ವಿಸ್ತೀರ್ಣ ಸೂಚ್ಯಂಕವೆಂದು ಹೆಸರು, ಬ್ರಿಟನ್ನಿನ ಬೆಳೆ ವಿಜ್ಞಾನಿ ಡಿ. ಜೆ. ವಾಟ್ಸನ್ 1947ರಲ್ಲಿ ಇದನ್ನು ಬಳಕೆಗೆ ತಂದರು. ಎಲೆಗಳು ಅಡ್ಡಡ್ಡವಾಗಿ ಹರಡುವ ಬೆಳೆಯಲ್ಲಿ ಈ ಸೂಚ್ಯಂಕ ಸುಮಾರು 4 ಮುಟ್ಟುವಷ್ಟರಲ್ಲಿ ಬಿಸಿಲಿನ ಶೇ. 95ರಷ್ಟು ಎಲೆಗಳಲ್ಲೇ ಹಿಡಿದಿರುತ್ತದೆ. ಎಲೆ ನೆಟ್ಟಗೆ ನಿಲ್ಲುವ ಬೆಳೆಯಲ್ಲಿ ಬಿಸಿಲು ಕೆಳಗೆ ಜಾರುವುದರಿಂದ ಅಷ್ಟನ್ನು ಹಿಡಿಯಲು 6ರ ಹತ್ತಿರ ಬೇಕಾಗುತ್ತದೆ. ಆ ಮಟ್ಟ ದಾಟಿದ ಮೇಲೆ ಸೇರಿಸಿದ ಗಿಡ ಹೊಸ ಬೆಳಕನ್ನೇನೂ ಹಿಡಿಯುವುದಿಲ್ಲ, ನೀರು ಗೊಬ್ಬರಗಳಿಗೆ ಮಾತ್ರ ಪಾಲುದಾರನಾಗುತ್ತದೆ. ಒತ್ತು ನಾಟಿಗೆ ನಿಜವಾದ ಲಾಭವೊಂದಿದೆ: ನೆಲ ಬೇಗ ಮುಚ್ಚುವುದರಿಂದ ಮೊದಲ ವಾರಗಳ ಬಿಸಿಲು ವ್ಯರ್ಥವಾಗದು, ಕಳೆಯೂ ತಲೆಯೆತ್ತದು. ನಿಮ್ಮ ಎರಡನೆಯ ಮಡಿ ಗಳಿಸಿದ ಹೆಚ್ಚುವರಿ ತೂಕದ ಬಹುಪಾಲು ಈ ಆರಂಭದ ದಿನಗಳಲ್ಲೇ ಬಂದಿರಬೇಕು.

ಗಿಡಗಳು ಸಣಕಲಾದದ್ದಕ್ಕೆ ಬೆಳಕಿನ ಪ್ರಮಾಣವಷ್ಟೇ ಅಲ್ಲ, ಅದರ ಬಣ್ಣವೂ ಕಾರಣ. ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ದೂರಗೆಂಪು ಬೆಳಕನ್ನು ಹೊರಗೆ ಬಿಡುತ್ತದೆ. ತೆರೆದ ಬಿಸಿಲಿನಲ್ಲಿ ಕೆಂಪಿಗೂ ದೂರಗೆಂಪಿಗೂ ಇರುವ ಅನುಪಾತ ಸುಮಾರು 1.2, ದಟ್ಟ ಎಲೆಗಳ ಕೆಳಗೆ ಅದು 0.2ಕ್ಕೂ ಕೆಳಗೆ ಇಳಿಯಬಲ್ಲದು. ಫೈಟೋಕ್ರೋಮ್ ಎಂಬ ವರ್ಣಕದ ಮೂಲಕ ಗಿಡ ಈ ಬದಲಾವಣೆಯನ್ನು ಗುರುತಿಸಿ, ನೆರೆಯ ಗಿಡ ನೆರಳು ಮಾಡುವ ಮೊದಲೇ ಅದರ ಎಲೆಯಿಂದ ಪ್ರತಿಫಲಿಸಿದ ಬೆಳಕಿನಿಂದ ಎಚ್ಚರಗೊಂಡು, ಕಾಂಡವನ್ನು ನೀಳಗೊಳಿಸುತ್ತದೆ ಮತ್ತು ಕವಲುಗಳನ್ನು ತಡೆಹಿಡಿಯುತ್ತದೆ. ಹೀಗೆ ಎತ್ತರಕ್ಕೆ ಖರ್ಚಾದ ಆಹಾರ ಕಾಯಿಗೆ ತಲುಪದು. ಚುಕ್ಕೆ ರೋಗದ ವಿಷಯ ಸರಳವಾದದ್ದು: ಗಾಳಿಯಾಡದ ಕಡೆ ಇಬ್ಬನಿಯ ತೇವ ಎಲೆಯ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ, ಆ ತೇವದಲ್ಲಿ ಶಿಲೀಂಧ್ರದ ಬೀಜಾಣು ಮೊಳೆಯುತ್ತದೆ.

ಒಟ್ಟು ತೂಕಕ್ಕಿಂತ ಬಳಸಬಹುದಾದ ಕಾಯಿಯ ತೂಕವನ್ನು ಲೆಕ್ಕಕ್ಕೆ ಹಿಡಿದರೆ ನಿಮ್ಮ ಮೊದಲ ಮಡಿಯೇ ಮುಂದಿರುತ್ತದೆ ಎಂದು ನನ್ನ ಎಣಿಕೆ. ಇನ್ನೊಂದು ಎಚ್ಚರಿಕೆಯನ್ನು ಹೇಳಬೇಕು. ಮಡಿಯ ಅಂಚಿನ ಗಿಡಗಳಿಗೆ ಹೊರಗಿನಿಂದಲೂ ಬೆಳಕು ಸಿಗುವುದರಿಂದ ಅವು ಎಂದಿಗೂ ಹೆಚ್ಚು ಫಲ ಕೊಡುತ್ತವೆ, ಚಿಕ್ಕ ಮಡಿಗಳಲ್ಲಿ ಇದು ಇಡೀ ಹೋಲಿಕೆಯನ್ನೇ ತಪ್ಪಿಸುತ್ತದೆ. ಮುಂದಿನ ಸಲ ಅಂಚಿನ ಸಾಲುಗಳನ್ನು ಬಿಟ್ಟು ತೂಗಿ ನೋಡಿ.

ಪ್ರಶ್ನೆ: ಆಹಾರ ತಯಾರಿಸುವುದು ಎಲೆ ಎಂದಮೇಲೆ ಎಲೆ ಕಾಂಡಕ್ಕೆ ಕೂಡುವ ಮೂಲೆಯಲ್ಲಿ ಹುಟ್ಟುವ ಕಂಕುಳ ಚಿಗುರುಗಳನ್ನು ಕಿತ್ತರೆ ಇಳುವರಿ ಹೆಚ್ಚುವುದು ಹೇಗೆ? ನಾನು ಟೊಮೆಟೊದಲ್ಲಿ ಎಲ್ಲ ಚಿಗುರನ್ನೂ ತಪ್ಪದೆ ಚಿವುಟಿದೆ, ಒಂದೇ ಕಾಂಡ ಉಳಿಸಿದೆ. ಗಿಡ ಮೊಣಕಾಲೆತ್ತರದಲ್ಲೇ ನಿಂತು, ನಾಲ್ಕೈದು ಗೊಂಚಲಿಗೆ ಮುಗಿದುಹೋಯಿತು.

ಉತ್ತರ: ನಿಮ್ಮ ಕೈಕೆಲಸದಲ್ಲಿ ತಪ್ಪಿಲ್ಲ, ಆ ಕೆಲಸ ಆ ತಳಿಗೆ ಹೊಂದುವಂಥದ್ದಲ್ಲ. ಟೊಮೆಟೊದಲ್ಲಿ ಎರಡು ಬಗೆಗಳಿವೆ. ಒಂದರ ಕುಡಿ ನಿಲ್ಲದೆ ಬೆಳೆಯುತ್ತ, ಸಾಮಾನ್ಯವಾಗಿ ಮೂರು ಮೂರು ಎಲೆಗಳಿಗೊಮ್ಮೆ ಹೂಗೊಂಚಲು ಬಿಡುತ್ತದೆ. ಇನ್ನೊಂದು ಪೊದೆಯ ಬಗೆಯದು. ಅದರ ಪ್ರತಿ ಕಾಂಡವೂ ಕೆಲವೇ ಗೊಂಚಲುಗಳಾದ ಮೇಲೆ ಹೂವಿನಲ್ಲೇ ಕೊನೆಗೊಳ್ಳುತ್ತದೆ, ಮುಂದಿನ ಫಸಲೆಲ್ಲ ಕಂಕುಳ ಕವಲುಗಳಿಂದಲೇ ಬರಬೇಕು. ನೀವು ಬೆಳೆದದ್ದು ಎರಡನೆಯ ಬಗೆ, ಚಿವುಟಿದ್ದು ಬರಬೇಕಾಗಿದ್ದ ಫಸಲನ್ನು. ಇಂಥ ತಳಿಯಲ್ಲಿ ಮೊದಲ ಹೂಗೊಂಚಲಿಗಿಂತ ಕೆಳಗಿರುವ ಚಿಗುರುಗಳನ್ನು, ಅದೂ ಮಣ್ಣಿಗೆ ತಾಗುವಂಥವನ್ನು, ತೆಗೆದರೆ ಸಾಕು.

ನಿಲ್ಲದೆ ಬೆಳೆಯುವ ತಳಿಯಲ್ಲಿ ಚಿವುಟುವುದಕ್ಕೆ ಅರ್ಥವಿದೆ. ಎಳೆಯ ಎಲೆ ತನ್ನ ಪೂರ್ಣ ಗಾತ್ರದ ಅರ್ಧದಷ್ಟು ಬೆಳೆಯುವ ತನಕ ಗಿಡದಿಂದ ಆಹಾರ ಪಡೆಯುತ್ತದೆಯೇ ಹೊರತು ಕೊಡುವುದಿಲ್ಲ. ಐದು ಸೆಂ.ಮೀ. ಒಳಗಿನ ಚಿಗುರನ್ನು ಬೆರಳಲ್ಲಿ ಮುರಿದರೆ ಗಿಡಕ್ಕೆ ನಷ್ಟ ಅಲ್ಪ. ಒಂದು ಅಡಿ ಬೆಳೆಯಲು ಬಿಟ್ಟು ಕತ್ತರಿಸಿದರೆ ಗಿಡ ಹೂಡಿದ್ದನ್ನೆಲ್ಲ ಎಸೆದಂತೆ, ಗಾಯವೂ ದೊಡ್ಡದು. ಹೀಗೆ ವಾರಕ್ಕೊಮ್ಮೆ ಮಾಡುವ ಕೆಲಸವನ್ನು ತಿಂಗಳಿಗೊಮ್ಮೆ ಮಾಡುವವರಿಗೆ ಮಾಡದಿರುವುದೇ ಮೇಲೆಂದು ನಾನು ಹೇಳುತ್ತ ಬಂದಿದ್ದೇನೆ. ಚಿವುಟುವುದರಿಂದ ಆಹಾರ ಹೊಸದಾಗಿ ಹುಟ್ಟುವುದಿಲ್ಲ, ಇದ್ದದ್ದು ಕಡಿಮೆ ಕಾಯಿಗಳಿಗೆ ಹಂಚಿಕೆಯಾಗುತ್ತದೆ: ಕಾಯಿ ದಪ್ಪವಾಗುತ್ತದೆ, ಬೇಗ ಹಣ್ಣಾಗುತ್ತದೆ, ಗಿಡವೊಂದರ ಒಟ್ಟು ಕಾಯಿಗಳ ಸಂಖ್ಯೆ ಇಳಿಯುತ್ತದೆ. ಆ ಇಳಿಕೆಯನ್ನು ತುಂಬಿಕೊಳ್ಳಲೆಂದೇ ಒಂಟಿ ಕಾಂಡದ ಗಿಡಗಳನ್ನು ಹತ್ತಿರ ಹತ್ತಿರ ನೆಡಬೇಕಾಗುತ್ತದೆ.

ಆದ್ದರಿಂದ ಗಿಡಗಳನ್ನು ಎಣಿಸುವ ಬದಲು ಕಾಂಡಗಳನ್ನು ಎಣಿಸಿ. ಹಸಿರುಮನೆಯ ಟೊಮೆಟೊದಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು 2.5 ಕಾಂಡ ಎಂಬುದು ಬಹುಕಾಲದಿಂದ ನಡೆದುಬಂದ ಅಳತೆ; ಬಿಸಿಲು ಧಾರಾಳವಾಗಿದ್ದರೆ ಇದನ್ನು ಮೂರು, ಮೂರೂವರೆಯ ತನಕ ಏರಿಸಬಹುದು. ಹಿಂದಿನ ಓದುಗರ 90ಕ್ಕೆ 60ರ ಮಡಿಯಲ್ಲಿ ಚದರ ಮೀಟರಿಗೆ 1.85 ಗಿಡಗಳಿದ್ದವು. ಅಲ್ಲಿ ಒಂದೊಂದೇ ಕಾಂಡ ಬಿಟ್ಟರೆ ಬೆಳಕು ನೆಲಕ್ಕೆ ಬಿದ್ದು ಪೋಲಾಗುತ್ತದೆ, ಎರಡೆರಡು ಬಿಟ್ಟರೆ 3.7 ಆಗಿ ಅಂತರ ಸರಿಸುಮಾರು ತುಂಬುತ್ತದೆ. 60ಕ್ಕೆ 30ರ ಮಡಿಯಲ್ಲಿ ಒಂದೇ ಕಾಂಡ ಉಳಿಸಿದರೂ 5.6 ಆಗುವುದರಿಂದ, ನಿಲ್ಲದೆ ಬೆಳೆಯುವ ತಳಿಗೆ ಅದು ಯಾವ ಆಕಾರದಲ್ಲೂ ಇಕ್ಕಟ್ಟೇ.

ಚಿವುಟುವ ಕೆಲಸಕ್ಕೆ ಎಲೆಯ ತೇವ ಆರಿದ ಬೆಳಗಿನ ಹೊತ್ತು ಒಳ್ಳೆಯದು, ಗಾಯ ಅದೇ ದಿನ ಒಣಗುತ್ತದೆ. ತಂಬಾಕಿನ ಮೊಸಾಯಿಕ್ ನಂಜು (ವೈರಸ್) ಕೈಯಿಂದಲೇ ಗಿಡದಿಂದ ಗಿಡಕ್ಕೆ ದಾಟುತ್ತದೆ, ಆದ್ದರಿಂದ ರೋಗದ ಲಕ್ಷಣವಿರುವ ಗಿಡವನ್ನು ಕೊನೆಗೆ ಮುಟ್ಟಿ, ಸಾಬೂನಿನಿಂದ ಕೈ ತೊಳೆಯಿರಿ. ಸೋರೆ, ಕರಬೂಜದಂಥ ಬಳ್ಳಿಗಳಲ್ಲಿ ಇದೇ ಚಿವುಟುವಿಕೆಯ ಉದ್ದೇಶ ತಿರುವುಮುರುವಾಗುತ್ತದೆ. ಅಲ್ಲಿ ಹೆಣ್ಣುಹೂ ಹೆಚ್ಚಾಗಿ ಪಕ್ಕದ ಕವಲುಗಳಲ್ಲಿ ಬರುವುದರಿಂದ ಮುಖ್ಯ ಬಳ್ಳಿಯ ತುದಿಯನ್ನೇ ಮುರಿಯುತ್ತಾರೆ. ತುದಿಯಲ್ಲಿ ಹುಟ್ಟಿ ಕೆಳಗಿಳಿದು ಪಕ್ಕದ ಮೊಗ್ಗುಗಳನ್ನು ಅದುಮಿಡುತ್ತಿದ್ದ ಆಕ್ಸಿನ್ ಎಂಬ ಚೋದಕ ಕಡಿಮೆಯಾದೊಡನೆ ಅವು ಚಿಗುರೊಡೆಯುತ್ತವೆ.

ಪ್ರಶ್ನೆ: ಚೌಕಾಕಾರದ ನಾಟಿಗಿಂತ ತ್ರಿಕೋನದ ನಾಟಿಯಲ್ಲಿ ಹೆಚ್ಚು ಗಿಡ ಹಿಡಿಯುತ್ತವೆ ಎಂಬುದು ನಿಜವೇ?

ಉತ್ತರ: ನಿಜ. ಗಿಡದಿಂದ ಗಿಡಕ್ಕೆ ಅಷ್ಟೇ ಅಂತರವಿಟ್ಟು ಸಮಬಾಹು ತ್ರಿಕೋನದಲ್ಲಿ ನೆಟ್ಟರೆ ಶೇ. 15ರಷ್ಟು ಹೆಚ್ಚು ಗಿಡ ಹಿಡಿಯುತ್ತವೆ, ಪ್ರತಿ ಗಿಡಕ್ಕೂ ಸುತ್ತಲೂ ಸಮನಾದ ಜಾಗ ಸಿಗುತ್ತದೆ. ಆದರೆ ಸಾಲುಗಳು ಒಂದಕ್ಕೊಂದು ಹತ್ತಿರವಾಗುವುದರಿಂದ ನಡುವೆ ಯಂತ್ರ ಓಡಿಸುವುದು ಕಷ್ಟ. ಕೈಯಿಂದಲೇ ಕೆಲಸ ನಡೆಯುವ ಮಡಿಗಳಿಗೆ ಮಾತ್ರ ಇದನ್ನು ಸಲಹೆ ಮಾಡುತ್ತೇನೆ.

ಪ್ರಶ್ನೆ: ಭತ್ತದಲ್ಲಿ ಅಂತರ ಹೆಚ್ಚಿಸಿದಾಗ ಇಳುವರಿ ಕುಗ್ಗಲಿಲ್ಲ. ಮೆಕ್ಕೆಜೋಳದಲ್ಲಿ ಹಾಗೆಯೇ ಮಾಡಿದಾಗ ಬಹಳ ನಷ್ಟವಾಯಿತು. ಕಾರಣವೇನು?

ಉತ್ತರ: ಖಾಲಿ ಜಾಗವನ್ನು ತುಂಬಿಕೊಳ್ಳುವ ಶಕ್ತಿ ಎಲ್ಲ ಬೆಳೆಗಳಿಗೂ ಒಂದೇ ಸಮನಾಗಿಲ್ಲ. ಭತ್ತ ತೆಂಡೆಯೊಡೆಯುತ್ತದೆ, ಅಂದರೆ ಬುಡದಿಂದ ಹೊಸ ಕಾಂಡಗಳನ್ನು ಬಿಡುತ್ತದೆ; ಸೋಯಾ ಮತ್ತು ತೊಗರಿ ಕವಲೊಡೆಯುತ್ತವೆ. ಇಂದಿನ ಮೆಕ್ಕೆಜೋಳದ ಹೈಬ್ರಿಡ್‌ಗಳು ಸಾಮಾನ್ಯವಾಗಿ ಒಂದು ಕಾಂಡ, ಒಂದು ತೆನೆಗೆ ನಿಂತುಬಿಡುತ್ತವೆ. ಜಾಗ ಎಷ್ಟು ಕೊಟ್ಟರೂ ತೆನೆಯ ಗಾತ್ರಕ್ಕೆ ಮಿತಿಯಿದೆ. ಅತಿಯಾಗಿ ಒತ್ತಾದರೂ ಅದಕ್ಕೆ ಆಗದು: ಗಂಡುಹೂವಿನ ಪರಾಗ ಉದುರಿ ಮುಗಿಯುವಷ್ಟರಲ್ಲಿ ಪರಾಗವನ್ನು ಹಿಡಿಯುವ ತೆನೆಯ ಎಳೆಗಳು, ಅಂದರೆ ರೇಷ್ಮೆ, ಹೊರಬರದೆ, ಕೆಲವು ಗಿಡಗಳು ತೆನೆಯಿಲ್ಲದೆ ಬಂಜೆಯಾಗುತ್ತವೆ. ಹೈಬ್ರಿಡ್ ಮೆಕ್ಕೆಜೋಳದ ಇಳುವರಿ ದಶಕಗಳಿಂದ ಏರುತ್ತ ಬಂದಿರುವುದಕ್ಕೆ ಒಂಟಿ ಗಿಡದ ಸಾಮರ್ಥ್ಯ ಬೆಳೆದದ್ದಕ್ಕಿಂತ, ಒತ್ತಾಗಿ ನಿಂತರೂ ಬಂಜೆಯಾಗದ ಗುಣ ತಳಿಗಳಿಗೆ ಬಂದದ್ದೇ ದೊಡ್ಡ ಕಾರಣ. ಆಸ್ಟ್ರೇಲಿಯಾದ ಬೆಳೆ ವಿಜ್ಞಾನಿ ಸಿ. ಎಂ. ಡೊನಾಲ್ಡ್ 1968ರಲ್ಲಿ ಆದರ್ಶ ಗೋಧಿ ಗಿಡವನ್ನು ಕಲ್ಪಿಸಿದಾಗ, ಅದು ಒಂದೇ ಕಾಂಡದ, ಕೆಲವೇ ನೆಟ್ಟಗಿನ ಎಲೆಗಳ, ನೆರೆಯ ಗಿಡದೊಡನೆ ಸ್ಪರ್ಧಿಸದ ಗಿಡವಾಗಿರಬೇಕೆಂದು ಹೇಳಿದ್ದೂ ಇದೇ ಕಾರಣಕ್ಕೆ. ಮಳೆಯನ್ನೇ ನಂಬಿದ ಬೇಸಾಯದಲ್ಲಿ ಮಾತ್ರ ಲೆಕ್ಕ ಬದಲಾಗುತ್ತದೆ: ಅಲ್ಲಿ ಬೆಳಕಿಗಿಂತ ಮೊದಲು ಮಣ್ಣಿನ ತೇವ ಮುಗಿಯುವುದರಿಂದ, ಕಾಳು ಕಟ್ಟುವ ಹೊತ್ತಿಗೆ ನೀರು ಉಳಿಯುವಷ್ಟು ಕಡಿಮೆ ಗಿಡಗಳನ್ನೇ ಇಡಬೇಕು.

ಪ್ರಶ್ನೆ: ಹಣ್ಣಿನ ಗಿಡಗಳನ್ನು ಒತ್ತಾಗಿ ನೆಟ್ಟು ಆರು ವರ್ಷವಾಯಿತು. ಮೊದಲು ಚೆನ್ನಾಗಿ ಬಿಟ್ಟವು. ಈಗ ಒಳಗೆಲ್ಲ ಬೋಳು, ನೆತ್ತಿಯಲ್ಲಿ ಮಾತ್ರ ಹಣ್ಣು. ತುದಿಗಳನ್ನು ಕತ್ತರಿಸಿದಷ್ಟೂ ಇನ್ನಷ್ಟು ಚಿಗುರು ಬರುತ್ತದೆ. ಒಂದು ಬಿಟ್ಟು ಒಂದು ಮರವನ್ನು ತೆಗೆಯಬೇಕೇ?

ಉತ್ತರ: ಅದಕ್ಕಿಂತ ಮೊದಲು ಕತ್ತರಿಸುವ ರೀತಿಯನ್ನು ಬದಲಿಸಿ ನೋಡಬೇಕು. ಕೊಂಬೆಯ ತುದಿಯನ್ನು ಕತ್ತರಿಸಿದರೆ ಗಾಯದ ಕೆಳಗಿನ ಮೊಗ್ಗುಗಳು ಒಮ್ಮೆಗೇ ಸಿಡಿದು, ಮರದ ಹೊರಮೈ ಮೊದಲಿಗಿಂತ ದಟ್ಟವಾಗುತ್ತದೆ. ನೀವು ವರ್ಷ ವರ್ಷವೂ ಮಾಡಿದ್ದು ಇದನ್ನೇ. ಅದರ ಬದಲು ಕೊಂಬೆಯನ್ನು ಅದು ಹುಟ್ಟಿದ ಬುಡದಲ್ಲೇ ಪೂರ್ತಿಯಾಗಿ ತೆಗೆದರೆ ಬೆಳಕು ಒಳಕ್ಕಿಳಿಯುತ್ತದೆ, ಚಿಗುರಿನ ಅಬ್ಬರವೂ ಕಡಿಮೆ. ಸೇಬಿನ ಮೇಲೆ ನಡೆದ ಅಧ್ಯಯನಗಳ ಪ್ರಕಾರ ಬಯಲಿನ ಬೆಳಕಿನ ಶೇ. 30ರಷ್ಟಾದರೂ ತಲುಪದ ಕೊಂಬೆಯಲ್ಲಿ ಹೂಮೊಗ್ಗು ಸರಿಯಾಗಿ ಕಟ್ಟುವುದಿಲ್ಲ. ನೆಟ್ಟಗೆ ಮೇಲೇಳುವ ಕೊಂಬೆ ಎಲೆಗೂ ಎತ್ತರಕ್ಕೂ ಬೆಳೆಯುತ್ತದೆ, ಅಡ್ಡಕ್ಕೆ ಬಾಗಿದ್ದು ಹೂವಿಗೆ ತಿರುಗುತ್ತದೆ. ಆದ್ದರಿಂದ ಎಳೆಯ ಕೊಂಬೆಗಳನ್ನು ಕತ್ತರಿಸುವುದಕ್ಕಿಂತ ಹಗ್ಗ ಕಟ್ಟಿ ಬಾಗಿಸುವುದು ಎಷ್ಟೋ ಮೇಲು.

ಯಾವ ಹಣ್ಣೆಂದು ನೀವು ಬರೆದಿಲ್ಲ, ಕತ್ತರಿಸುವ ಕಾಲ ಅದನ್ನೇ ಅವಲಂಬಿಸಿದೆ. ಸೀಬೆ ಹೊಸ ಚಿಗುರಿನಲ್ಲೇ ಹೂ ಬಿಡುವುದರಿಂದ ಸವರುವುದನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ; ಅದನ್ನು 2 ಮೀ.ಗೆ 1 ಮೀ. ಅಂತರದಲ್ಲಿ, ಹೆಕ್ಟೇರಿಗೆ 5,000 ಗಿಡಗಳಂತೆ ಬೆಳೆಸಲು ಸಾಧ್ಯವಾಗಿರುವುದೂ ಪದೇ ಪದೇ ಸವರುವುದರಿಂದಲೇ. ಮಾವು ಬಲಿತ ಕೊಂಬೆಯ ತುದಿಯಲ್ಲಿ ಹೂ ಬಿಡುತ್ತದೆ; ಕೊಯ್ಲು ಮುಗಿದೊಡನೆ ಸವರಿದರೆ ಹೊಸ ಚಿಗುರು ಬಲಿಯಲು ಸಮಯ ಸಿಗುತ್ತದೆ, ತಡಮಾಡಿದರೆ ಮುಂದಿನ ಫಸಲು ಕೈತಪ್ಪುತ್ತದೆ. ದ್ರಾಕ್ಷಿಯಲ್ಲಿ ಬರುವ ಫಸಲಿನ ಗೊಂಚಲುಗಳು ಹಿಂದಿನ ಬೆಳವಣಿಗೆಯಲ್ಲೇ ಮೊಗ್ಗಿನೊಳಗೆ ರೂಪುಗೊಳ್ಳುತ್ತವೆ, ಆಗ ನೆರಳಿನಲ್ಲಿದ್ದ ಮೊಗ್ಗು ಬರಿಯ ಎಲೆಯನ್ನೇ ಕೊಡುತ್ತದೆ.

ಮರದ ಎತ್ತರ ಸಾಲುಗಳ ನಡುವಿನ ಅಂತರವನ್ನು ಮೀರದಂತೆ ನೋಡಿಕೊಳ್ಳಿ. ಮೀರಿದರೆ ಒಂದು ಸಾಲು ಇನ್ನೊಂದರ ಬುಡದ ಕೊಂಬೆಗಳನ್ನು ಕತ್ತಲಿಗೆ ದೂಡುತ್ತದೆ. ಒಂದೇ ವರ್ಷದಲ್ಲಿ ಎಲ್ಲವನ್ನೂ ಸರಿಪಡಿಸಲು ಹೊರಟರೆ ಮರ ಮತ್ತೆ ಚಿಗುರಿನ ಹುಚ್ಚಿಗೆ ಬೀಳುತ್ತದೆ, ಬೆಳಕು ಕಾಣದಿದ್ದ ತೊಗಟೆ ಬಿಸಿಲಿಗೆ ಸುಡುತ್ತದೆ. ವರ್ಷಕ್ಕೆ ಒಂದೋ ಎರಡೋ ದೊಡ್ಡ ಕೊಂಬೆಗಳನ್ನು, ನಡುವಿನವನ್ನೇ ಮೊದಲು ಆರಿಸಿ, ಮೂರು ವರ್ಷಗಳಲ್ಲಿ ತೆಗೆಯಿರಿ. ಗಿಡ್ಡ ಬೆಳವಣಿಗೆಯ ಬೇರುಸಸಿಯ (ಕಸಿಗೆ ಬುಡವಾಗಿ ಬಳಸುವ ಸಸಿಯ) ಮೇಲೆ ಕಸಿಮಾಡಿದ ಮರಗಳಾದರೆ ಇಷ್ಟರಲ್ಲೇ ಹತೋಟಿಗೆ ಬರುತ್ತವೆ. ಬೀಜದ ಗಿಡಗಳಾಗಿದ್ದು, ಅವುಗಳ ಸಹಜ ಹರವಿನ ಅರ್ಧದಷ್ಟೂ ಜಾಗ ಇಲ್ಲದಿದ್ದರೆ, ಯಾವ ಸವರುವಿಕೆಯೂ ಸಾಲದು. ಆಗ ಮಾತ್ರ ಮನಸ್ಸು ಗಟ್ಟಿ ಮಾಡಿಕೊಂಡು ಒಂದು ಬಿಟ್ಟು ಒಂದನ್ನು ತೆಗೆಯಬೇಕು. ತೆಗೆಯುವ ಮರಗಳಿಗೆ ಮೊದಲೇ ಗುರುತು ಹಾಕಿ, ಉಳಿಯುವ ಮರಗಳ ಕಡೆಗೆ ಚಾಚಿದ ಅವುಗಳ ಕೊಂಬೆಗಳನ್ನು ಈ ವರ್ಷ ಕಡಿದು, ಬುಡವನ್ನು ಮುಂದಿನ ಕೊಯ್ಲಿನ ನಂತರ ತೆಗೆದರೆ ನಡುವೆ ಒಂದು ಫಸಲು ಉಳಿಯುತ್ತದೆ.