ಸಂಪಾದಕರ ಉತ್ತರ: ಸೈಪ್ರಸ್‌ನ ಸಿಂಹಾಸನ ಯಾರಿಗೆ ಸಲ್ಲಬೇಕಿತ್ತು?

ಮಾನ್ಯರೇ,

ಲುಸಿನ್ಯಾನ್ ಮನೆತನದ ಆಳ್ವಿಕೆಯ ಸೈಪ್ರಸ್ ಕುರಿತು ನಾವು ಪ್ರಕಟಿಸಿದ ಲೇಖನವನ್ನು ಓದಿ ತಾವು ಬರೆದ ಪತ್ರ ಕೈಸೇರಿದೆ. ನಾಲ್ಕನೆಯ ಹ್ಯೂ ದೊರೆಯ ಹಿರಿಯ ಮಗ ಗೀ ತಂದೆಗಿಂತ ಮೊದಲೇ ತೀರಿಕೊಂಡಿದ್ದರೂ ಅವನಿಗೊಬ್ಬ ಮಗನಿದ್ದ. ಆ ಮೊಮ್ಮಗನನ್ನು ಬದಿಗೊತ್ತಿ ಕಿರಿಯ ಹೆಂಡತಿಯ ಮಗ ಪೀಟರ್ ಪಟ್ಟಕ್ಕೇರಿದ್ದು ಅಪಹರಣವಲ್ಲದೆ ಮತ್ತೇನು, ಅವನನ್ನು ದೊರೆಯೆಂದು ಕರೆದದ್ದು ಸರಿಯೇ ಎಂದು ಕೇಳಿದ್ದೀರಿ. ನೂರು ವರ್ಷಗಳ ಬಳಿಕ ಅದೇ ವಂಶದಲ್ಲಿ ಮದುವೆಯಾಚೆ ಹುಟ್ಟಿದ ಮಗನೊಬ್ಬ ದೊರೆಯ ಔರಸ ಪುತ್ರಿಯನ್ನು ಓಡಿಸಿ ಸಿಂಹಾಸನ ಹಿಡಿದದ್ದು ಹೇಗೆ ಎಂಬುದು ತಮ್ಮ ಎರಡನೆಯ ಪ್ರಶ್ನೆ.

ಮೊದಲನೆಯದಕ್ಕೆ ನಮ್ಮ ಉತ್ತರ: ಪೀಟರ್ ದೊರೆಯೇ ಹೌದು. ತೀರಿಹೋದ ಮಗನ ಜಾಗದಲ್ಲಿ ಮೊಮ್ಮಗ ನಿಲ್ಲುತ್ತಾನೆ ಎಂಬುದು ನಮ್ಮ ಅವಿಭಕ್ತ ಕುಟುಂಬಗಳ ಆಸ್ತಿಪಾಲಿನಲ್ಲಿ ರೂಢವಾದ ಮಾತಾದ್ದರಿಂದ ತಮಗೆ ಅದೇ ಸಹಜವೆನಿಸಿರಬಹುದು. ಸೈಪ್ರಸ್‌ನ ಪ್ರಭುಗಳು ಒಪ್ಪಿಕೊಂಡಿದ್ದ ಸಂಪ್ರದಾಯ ಬೇರೆಯಾಗಿತ್ತು. ಕೊನೆಯದಾಗಿ ಅಧಿಕಾರ ಅನುಭವಿಸಿದವನಿಗೆ ರಕ್ತಸಂಬಂಧದಲ್ಲಿ ಅತಿ ಹತ್ತಿರದವನು ಯಾರೋ ಅವನೇ ವಾರಸುದಾರ. ಸತ್ತವನ ಪರವಾಗಿ ಅವನ ಮಗ ಹಕ್ಕು ಕೇಳುವಂತಿರಲಿಲ್ಲ. ಈ ಲೆಕ್ಕದಲ್ಲಿ ಮಗ ಒಂದು ಮೆಟ್ಟಿಲು ದೂರ, ಮೊಮ್ಮಗ ಎರಡು. ಆದರೂ ನಾಲ್ಕನೆಯ ಹ್ಯೂ ತಾನು ಬದುಕಿರುವಾಗಲೇ, 1358ರಲ್ಲಿ, ನಿಕೋಸಿಯಾದ ಸೇಂಟ್ ಸೋಫಿಯಾ ದೇವಾಲಯದಲ್ಲಿ ಪೀಟರನಿಗೆ ಪಟ್ಟ ಕಟ್ಟಿಸಿದ. ನಿಯಮ ಅಷ್ಟು ಗಟ್ಟಿಯಾಗಿದ್ದರೆ ಈ ಅವಸರ ಏಕೆ ಬೇಕಿತ್ತು ಎಂದು ತಾವು ಕೇಳಿದರೆ, ಆ ಕೇಳಿಕೆಯಲ್ಲಿ ಹುರುಳಿದೆ. ಮೊಮ್ಮಗನ ತಾಯಿ ಮರೀ ಫ್ರಾನ್ಸಿನ ಬೂರ್ಬೋನ್ ಮನೆತನದವಳು. ಮದುವೆಯ ಒಪ್ಪಂದದಲ್ಲೇ ತನ್ನ ಸಂತಾನಕ್ಕೆ ಪಟ್ಟದ ಭರವಸೆ ಸಿಕ್ಕಿತ್ತೆಂಬುದು ಆ ಕಡೆಯವರ ವಾದವಾಗಿತ್ತು. ದೂರು ಪೋಪರವರೆಗೂ ಹೋಯಿತು. ಕೊನೆಗೆ ವರ್ಷಕ್ಕೆ 50,000 ಬೆಸಂಟ್ ನಾಣ್ಯಗಳ ಜೀವನಾಂಶದ ಮೇಲೆ ರಾಜಿಯಾಯಿತು. ಗೆಲ್ಲುವ ಭರವಸೆ ಪೂರ್ತಿಯಾಗಿದ್ದವರು ಅಷ್ಟು ಹಣ ತೆರಲು ಒಪ್ಪುತ್ತಿರಲಿಲ್ಲವೆಂಬುದು ನಮ್ಮ ಅನಿಸಿಕೆ.

ಹಾಗಾದರೆ ಹತ್ತಿರದ ರಕ್ತವೇ ಸದಾ ಗೆಲ್ಲುತ್ತಿತ್ತೇ ಎಂದರೆ ಅದೂ ಇಲ್ಲ. ಈ ದ್ವೀಪ ಲುಸಿನ್ಯಾನರಿಗೆ ವಂಶದಿಂದ ಬಂದದ್ದಲ್ಲ. ಇಂಗ್ಲೆಂಡಿನ ರಿಚರ್ಡ್ 1191ರಲ್ಲಿ ಗೆದ್ದು ಟೆಂಪ್ಲರ್ ಪಂಥದ ಯೋಧರಿಗೆ ಮಾರಿದ ದ್ವೀಪವನ್ನು, ಜೆರುಸಲೇಮಿನ ಕಿರೀಟ ಕಳೆದುಕೊಂಡಿದ್ದ ಗೀ ದ ಲುಸಿನ್ಯಾನ್ 1192ರಲ್ಲಿ ಪಡೆದುಕೊಂಡ. ಎರಡು ವರ್ಷಗಳಲ್ಲಿ ಅವನು ತೀರಿಕೊಂಡಾಗ ಯೂರೋಪಿಗೆ ಮರಳಿದ್ದ ಅಣ್ಣ ಜೋಫ್ರಾನ ಬದಲು ಸ್ಥಳದಲ್ಲಿದ್ದ ಇನ್ನೊಬ್ಬ ಅಣ್ಣ ಏಮರಿಯನ್ನು ಪ್ರಭುಗಳು ಒಪ್ಪಿಕೊಂಡರು. ದೊರೆಯೆಂಬ ಪದವಿಯಾದರೋ ಪವಿತ್ರ ರೋಮನ್ ಚಕ್ರವರ್ತಿಯಿಂದ 1197ರಲ್ಲಿ ಏಮರಿಗೆ ಬಂತು. ಅದೇ ಋಣವನ್ನು ಮುಂದಿಟ್ಟುಕೊಂಡು ಚಕ್ರವರ್ತಿ ಎರಡನೆಯ ಫ್ರೆಡ್ರಿಕ್ 1228ರಲ್ಲಿ ಬಾಲದೊರೆ ಒಂದನೆಯ ಹೆನ್ರಿಯ ಪರವಾಗಿ ರಾಜ್ಯ ನಡೆಸುವ ಅಧಿಕಾರ ತನ್ನದೆಂದು ಬಂದಾಗ, ಇಬೆಲಿನ್ ಮನೆತನದ ಮುಂದಾಳತ್ವದಲ್ಲಿ ಪ್ರಭುಗಳು ಯುದ್ಧಕ್ಕೇ ನಿಂತರು.

ಈ ರಾಜ್ಯದಲ್ಲಿ ಪಟ್ಟದ ಕೂಸುಗಳು ಒಂದೆರಡಲ್ಲ. 1218ರಲ್ಲಿ ಒಂದನೆಯ ಹೆನ್ರಿ, 1253ರಲ್ಲಿ ಎರಡನೆಯ ಹ್ಯೂ, ಇಬ್ಬರೂ ವರ್ಷ ತುಂಬುವ ಮೊದಲೇ ದೊರೆಗಳಾದವರು. ಆದ್ದರಿಂದ ಸಿಂಹಾಸನದಷ್ಟೇ ಜಗಳ ರಾಜಪ್ರತಿನಿಧಿಯ ಸ್ಥಾನಕ್ಕೂ ನಡೆಯುತ್ತಿತ್ತು. ಈ ಜಗಳಗಳನ್ನು ತೀರ್ಮಾನಿಸುತ್ತಿದ್ದದ್ದು ದೊರೆಗೆ ನೇರ ನಿಷ್ಠೆ ಸಲ್ಲಿಸಿದ್ದ ಪ್ರಭುಗಳೆಲ್ಲ ಸೇರುವ ಉನ್ನತ ಸಭೆ. ಅದರ ಕೆಲಸವನ್ನು ನೋಡಬೇಕಾದರೆ 1264ರ ವ್ಯಾಜ್ಯಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಬಾಲದೊರೆ ಎರಡನೆಯ ಹ್ಯೂಗೆ ಇಬ್ಬರು ದಾಯಾದಿಗಳಿದ್ದರು, ಅವರ ಹೆಸರೂ ಹ್ಯೂ ಎಂದೇ. ಬ್ರಿಯೆನ್‌ನ ಹ್ಯೂ ದೊರೆಯ ದೊಡ್ಡ ಸೋದರತ್ತೆಯ ಮಗ. ಅಂಟಿಯೋಕ್‌ನ ಹ್ಯೂ ಚಿಕ್ಕ ಸೋದರತ್ತೆಯ ಮಗ, ಆದರೆ ವಯಸ್ಸಿನಲ್ಲಿ ಹಿರಿಯ. ಸೈಪ್ರಸ್‌ನ ರಾಜವಂಶಕ್ಕೂ ಹಕ್ಕಿದ್ದ ಜೆರುಸಲೇಮ್ ರಾಜ್ಯದ ಆಡಳಿತ ಯಾರ ಕೈಗೆ ಹೋಗಬೇಕೆಂಬ ಪ್ರಶ್ನೆ, ಆ ರಾಜ್ಯದ ಪ್ರಭುಗಳು ಆಕರ್ ನಗರದಲ್ಲಿ ಸೇರುತ್ತಿದ್ದ ಸಭೆಯ ಮುಂದೆ ಬಂದಾಗ ಬ್ರಿಯೆನ್‌ನವನು ತಾಯಿಯ ಹಿರಿತನವನ್ನು ಎತ್ತಿಹಿಡಿದ. ಸತ್ತವರ ಹಿರಿತನ ಮಕ್ಕಳಿಗೆ ಇಳಿದುಬರುವುದಿಲ್ಲ, ಸಮಾನ ದೂರದ ಬಂಧುಗಳಲ್ಲಿ ಬದುಕಿರುವವರ ವಯಸ್ಸೇ ಲೆಕ್ಕಕ್ಕೆ ಬರಬೇಕು ಎಂಬುದು ಅಂಟಿಯೋಕ್‌ನವನ ಪ್ರತಿವಾದ. ಸಭೆ ಇವನ ಮಾತನ್ನು ಒಪ್ಪಿತು. 1267ರಲ್ಲಿ ಬಾಲಕ ತೀರಿಕೊಂಡಾಗ ಇವನೇ ಮೂರನೆಯ ಹ್ಯೂ ಎಂಬ ಹೆಸರಿನಲ್ಲಿ ಸೈಪ್ರಸ್‌ನ ದೊರೆಯಾದ. ಬ್ರಿಯೆನ್‌ನ ಹ್ಯೂ ಇಟಲಿಗೆ ಹೋಗಿ ಅಂಜೂ ಮನೆತನದ ಚಾರ್ಲ್ಸ್‌ನ ಸೇವೆಗೆ ಸೇರಿದ.

ಸ್ವಾರಸ್ಯವಿರುವುದು ಮುಂದೆ. 1268ರಲ್ಲಿ ಜೆರುಸಲೇಮಿನ ಕಿರೀಟಕ್ಕೆ ಒಡೆಯನಾಗಿದ್ದ ಕೊನ್ರಾಡಿನ್‌ನ ತಲೆ ಉರುಳಿತು. ಆ ಕಿರೀಟಕ್ಕೆ ಮೂರನೆಯ ಹ್ಯೂನ ಎದುರು ನಿಂತವಳು ಅಂಟಿಯೋಕ್‌ನ ಮರಿಯಾ. ಇಬ್ಬರೂ ರಾಣಿ ಒಂದನೆಯ ಇಸಬೆಲ್ಲಾಳ ಸಂತತಿ. ಮರಿಯಾ ಅವಳ ಮೊಮ್ಮಗಳು, ಹ್ಯೂ ಮರಿಮಗ. ಹತ್ತಿರದ ರಕ್ತವೇ ನಿಯಮವಾದರೆ ಕಿರೀಟ ಮರಿಯಾಳಿಗೆ ಸಲ್ಲಬೇಕಿತ್ತು. ಸಭೆ ಹ್ಯೂನನ್ನೇ ಆರಿಸಿತು. ಆಡಳಿತ ಆಗಲೇ ಅವನ ಕೈಯಲ್ಲಿತ್ತು, ಕುದುರೆಸವಾರರ ಸೈನ್ಯವೂ ಅವನ ಬಳಿಯೇ ಇತ್ತು. ಮರಿಯಾ 1277ರಲ್ಲಿ ತನ್ನ ಹಕ್ಕನ್ನು ಅಂಜೂ ಚಾರ್ಲ್ಸ್‌ಗೆ ಮಾರಿಬಿಟ್ಟಳು. ಹಾಗಾಗಿ ಸಂಪ್ರದಾಯವನ್ನು ಕೈಬೀಸಿ ಅಳಿಸುವ ಧೈರ್ಯ ಯಾರಿಗೂ ಇಲ್ಲದಿದ್ದರೂ, ಯಾವ ಸಂಪ್ರದಾಯವನ್ನು ಯಾವಾಗ ಹಿರಿದೆನ್ನಬೇಕು ಎಂಬುದು ಸಭೆಯ ಕೈಯಲ್ಲಿತ್ತು. ಆ ಸಭೆಯ ಒಪ್ಪಿಗೆ ಪಡೆದವನನ್ನು ನಾವು ದೊರೆಯೆಂದೇ ಕರೆಯುತ್ತೇವೆ.

ಅಪಹಾರಕನೆಂಬ ಮಾತನ್ನು ತಾವು ಬಳಸಲೇಬೇಕೆಂದಿದ್ದರೆ ಅದು ಒಪ್ಪುವುದು ಟೈರ್ ಪಟ್ಟಣದ ಪ್ರಭು ಅಮಲ್ರಿಕ್‌ಗೆ. 1306ರಲ್ಲಿ ಅಣ್ಣ ಎರಡನೆಯ ಹೆನ್ರಿಯ ಅಧಿಕಾರವನ್ನು ಕಿತ್ತುಕೊಂಡು, 1310ರಲ್ಲಿ ಅವನನ್ನು ಆರ್ಮೇನಿಯಾಕ್ಕೆ ಗಡೀಪಾರು ಮಾಡಿದವನು ಇವನು. ಹೆಚ್ಚಿನ ಪ್ರಭುಗಳು ಬೆಂಬಲಕ್ಕಿದ್ದರೂ ಇವನು ತನ್ನನ್ನು ರಾಜ್ಯಪಾಲನೆಂದು ಕರೆದುಕೊಂಡನೇ ಹೊರತು ಕಿರೀಟ ತೊಡಲಿಲ್ಲ. ಅದೇ ವರ್ಷ ಇವನ ಕೊಲೆಯಾಯಿತು, ಹೆನ್ರಿ ಮರಳಿ ಬಂದ.

ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿಂದ ಹೊರಡುತ್ತದೆ, ಏಕೆಂದರೆ ಹದಿನೈದನೆಯ ಶತಮಾನದ ಹೊತ್ತಿಗೆ ತೀರ್ಮಾನದ ಸ್ಥಳವೇ ನಿಕೋಸಿಯಾದಿಂದ ಆಚೆಗೆ ಸರಿದಿತ್ತು. ದೊರೆ ಜಾನುಸ್ 1426ರಲ್ಲಿ ಖಿರೋಕಿಟಿಯಾದ ಯುದ್ಧದಲ್ಲಿ ಸೋತು ಈಜಿಪ್ಟನ್ನು ಆಳುತ್ತಿದ್ದ ಮಾಮ್ಲೂಕರ ಸೆರೆಯಾಳಾಗಿ ಕೈರೋಗೆ ಹೋದ. ಭಾರಿ ಒತ್ತೆಹಣವನ್ನೂ ವರ್ಷವರ್ಷದ ಕಪ್ಪವನ್ನೂ ಒಪ್ಪಿಕೊಂಡ ಮೇಲೆಯೇ ಬಿಡುಗಡೆಯಾದದ್ದು. ಅಂದಿನಿಂದ ಸೈಪ್ರಸ್‌ನ ಒಡೆತನದಲ್ಲಿ ಸುಲ್ತಾನನ ಮಾತಿಗೂ ತೂಕ ಬಂತು. ಜಾನುಸ್‌ನ ಮಗ ಎರಡನೆಯ ಜಾನ್ 1458ರಲ್ಲಿ ತೀರಿಕೊಂಡಾಗ ಔರಸ ಪುತ್ರಿ ಶಾರ್ಲೆಟ್ ಯಾವ ತಕರಾರೂ ಇಲ್ಲದೆ ರಾಣಿಯಾದಳು. ಜೇಮ್ಸ್ ಅವಳ ತಂದೆಗೆ ಪತ್ರಾಸ್ ಊರಿನ ಮರಿಯೆಟ್ಟಾ ಎಂಬವಳಲ್ಲಿ ಹುಟ್ಟಿದವನು; ಹದಿಹರೆಯದಲ್ಲೇ ನಿಕೋಸಿಯಾದ ಆರ್ಚ್‌ಬಿಷಪ್ ಸ್ಥಾನಕ್ಕೆ ನೇಮಕಗೊಂಡಿದ್ದವನು. ಸಭೆಯಲ್ಲಿ ತನಗೆ ಗತಿಯಿಲ್ಲವೆಂದು ತಿಳಿದಿದ್ದ ಅವನು ನೇರವಾಗಿ ಕೈರೋಗೆ ಹೋದ. ಸುಲ್ತಾನ್ ಇನಾಲ್ 1460ರಲ್ಲಿ ಶಾರ್ಲೆಟ್‌ಳ ದೂತರ ಕಡೆಗೇ ವಾಲಿದ್ದ. ಅಷ್ಟರಲ್ಲಿ ಮಾಮ್ಲೂಕ್ ಪಡೆಯವರು ಗದ್ದಲವೆಬ್ಬಿಸಿ ಜೇಮ್ಸ್‌ನ ಪರ ನಿಂತರು. ಸುಲ್ತಾನ ಮನಸ್ಸು ಬದಲಿಸಿದ, ಗೌರವದ ನಿಲುವಂಗಿ ಜೇಮ್ಸ್‌ನ ಮೈಮೇಲೆ ಬಂತು. ಈಜಿಪ್ಟಿನ ಹಡಗುಗಳೊಂದಿಗೆ ಅವನು ದ್ವೀಪಕ್ಕಿಳಿದ. ಶಾರ್ಲೆಟ್ ಮತ್ತು ಅವಳ ಗಂಡ ಸವಾಯ್ ಮನೆತನದ ಲೂಯಿ ಕೈರೇನಿಯಾದ ಕೋಟೆಯನ್ನು ವರ್ಷಗಟ್ಟಲೆ ಹಿಡಿದು ಕೂತರು. 1464ರ ಹೊತ್ತಿಗೆ, ಜಿನೋವಾದವರ ಕೈಯಲ್ಲಿ ತೊಂಬತ್ತು ವರ್ಷಗಳಿಂದ ಇದ್ದ ಫಾಮಗುಸ್ತಾವೂ ಸೇರಿ, ಇಡೀ ದ್ವೀಪ ಜೇಮ್ಸ್‌ನದಾಯಿತು.

ಕೊನೆಯ ಅಂಕವನ್ನು ವೆನಿಸ್ ಬರೆಯಿತು. ಜೇಮ್ಸ್ ಮದುವೆಯಾದ ವೆನಿಸ್‌ನ ಕತರೀನಾ ಕೊರ್ನಾರೊಳನ್ನು ಆ ಗಣರಾಜ್ಯ ತನ್ನ ದತ್ತುಪುತ್ರಿಯೆಂದು ಘೋಷಿಸಿತ್ತು. 1473ರಲ್ಲಿ ಜೇಮ್ಸ್ ಸತ್ತ, ಅವನು ಸತ್ತ ಮೇಲೆ ಹುಟ್ಟಿದ ಮಗ ಮರುವರ್ಷವೇ ಸತ್ತ. ಜೇಮ್ಸ್‌ಗೆ ಮದುವೆಯಾಚೆ ಹುಟ್ಟಿದ ಮಕ್ಕಳಿದ್ದರು. ಅವರು ದ್ವೀಪದಲ್ಲಿ ಉಳಿದರೆ ಹಳೆಯ ಆಟ ಮತ್ತೆ ಶುರುವಾದೀತೆಂದು ವೆನಿಸ್ ಅವರನ್ನು ತನ್ನ ನೆಲಕ್ಕೆ ಒಯ್ದು ಕಣ್ಗಾವಲಿನಲ್ಲಿಟ್ಟಿತು. 1489ರಲ್ಲಿ ಕತರೀನಾ ದ್ವೀಪವನ್ನು ಬಿಟ್ಟುಕೊಟ್ಟು ಪ್ರತಿಯಾಗಿ ಅಸೋಲೊ ಎಂಬ ಊರನ್ನು ಪಡೆದಳು.

ತಾವು ಎತ್ತಿಹಿಡಿದ ಔರಸ ಸಂತಾನದ ಹಕ್ಕು ಕಾಗದದ ಮೇಲೆ ಉಳಿಯಿತು. ಶಾರ್ಲೆಟ್ 1485ರಲ್ಲಿ ಅದನ್ನು ಸವಾಯ್ ಡ್ಯೂಕನಿಗೆ ಬರೆದುಕೊಟ್ಟು 1487ರಲ್ಲಿ ರೋಮಿನಲ್ಲಿ ತೀರಿಕೊಂಡಳು. ಅವಳ ದಾನಪತ್ರದ ಬಲದಿಂದ ಆ ಮನೆತನದವರು, ಮುಂದೆ ಇಟಲಿಯ ದೊರೆಗಳಾದ ಮೇಲೂ, ತಮ್ಮ ಬಿರುದಾವಳಿಯಲ್ಲಿ ಸೈಪ್ರಸ್‌ನ ದೊರೆ ಎಂಬುದನ್ನು ಸೇರಿಸಿಕೊಳ್ಳುತ್ತಲೇ ಇದ್ದರು.

— ಸಂಪಾದಕ