ಮಾಲೆ ಹಾಕಿದ 17ನೇ ದಿನ ಮಗನಿಗೆ ಹೊಡೆದ ಅಪ್ಪ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಊರು, ಕಸುಬು ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಲಾಗಿದೆ. ಬರೆಯಲು ಸಲಹಾರ್ಥಿ ಮತ್ತು ಅವರ ಪತ್ನಿ ಇಬ್ಬರೂ ಒಪ್ಪಿದ್ದಾರೆ.)

ಸಲಹಾರ್ಥಿಗೆ 38 ವರ್ಷ. ಹಾಸನದ ಕಡೆಯ ತಾಲ್ಲೂಕು ಕೇಂದ್ರವೊಂದರಲ್ಲಿ ಬೈಕ್ ರಿಪೇರಿ ಗ್ಯಾರೇಜ್ ಇಟ್ಟುಕೊಂಡಿದ್ದಾರೆ. ಕೈಕೆಳಗೆ ಇಬ್ಬರು ಹುಡುಗರು. ಮನೆಯಲ್ಲಿ ಹೆಂಡತಿ, 9 ವರ್ಷದ ಮಗ. ಅಯ್ಯಪ್ಪ ಮಾಲೆ ಹಾಕುತ್ತಿರುವುದು ಇದು ಒಂಬತ್ತನೇ ವರ್ಷ. ನವೆಂಬರ್ ಮಧ್ಯದಲ್ಲಿ, ವೃಶ್ಚಿಕ ಮಾಸದ ಮೊದಲ ದಿನ ಮಾಲೆ ಹಾಕಿಸಿಕೊಂಡಿದ್ದರು. ನಮ್ಮಲ್ಲಿಗೆ ಬಂದದ್ದು 19ನೇ ದಿನ, ಕಪ್ಪು ಪಂಚೆ ಶಲ್ಯದಲ್ಲಿ, ಬರಿಗಾಲಲ್ಲಿ. ಕೂತ ಕೂಡಲೇ ಹೇಳಿದ ಮಾತು: "ಮಾಲೆ ತೆಗೀಬೇಕು ಅಂತಿದೀನಿ ಮೇಡಂ. ನನಗೆ ಆ ಯೋಗ್ಯತೆ ಇಲ್ಲ."

ನಡೆದದ್ದು ಇಷ್ಟು. ಮಗ ಬೇಕರಿಯಿಂದ ಎಗ್ ಪಫ್ಸ್ ತಂದು, ಅರ್ಧ ತಿಂದು, ಉಳಿದದ್ದನ್ನು ಪೂಜೆ ತಟ್ಟೆಯ ಪಕ್ಕ ಇಟ್ಟಿದ್ದ. ಸಂಜೆ ಸ್ನಾನ ಮಾಡಿ ದೀಪ ಹಚ್ಚಲು ಬಂದ ಅಪ್ಪ ಅದನ್ನು ಕಂಡು ಎರಡೇಟು ಬಿಗಿದರು. ಒಂದು ಕೆನ್ನೆಗೆ, ಒಂದು ಬೆನ್ನಿಗೆ. ಮರುಕ್ಷಣವೇ ನಡುಗಿ, ಮಗನ ಕಾಲಿಗೆ ಅಡ್ಡಬಿದ್ದು "ಮಣಿಕಂಠಾ, ತಪ್ಪಾಯ್ತು" ಅಂದರು. ಹುಡುಗ ಇನ್ನೂ ಜೋರಾಗಿ ಅತ್ತು ಪಕ್ಕದ ಮನೆಗೆ ಓಡಿದ. ಅಂದಿನಿಂದ ಅವರು ಶರಣು ಹೇಳುವುದನ್ನು 108ರಿಂದ 1008ಕ್ಕೆ ಏರಿಸಿದ್ದರು, ದಿನಕ್ಕೆ ಎರಡಿದ್ದ ತಣ್ಣೀರ ಸ್ನಾನ ಐದಾಗಿತ್ತು, ರಾತ್ರಿಯ ಫಲಾಹಾರ ನಿಂತಿತ್ತು. ನಿದ್ದೆ ಮೂರು ಗಂಟೆಗೆ ಇಳಿದಿತ್ತು.

ಮೊದಲ ಭೇಟಿಯಲ್ಲೇ ಒಂದು ಗಡಿ ಹಾಕಿಕೊಂಡೆವು. ವ್ರತ ಕೆಟ್ಟಿತೋ ಇಲ್ಲವೋ ಎಂದು ಹೇಳುವುದು ಸಲಹೆಗಾರರ ಕೆಲಸವಲ್ಲ, ಅದು ಅವರ ಗುರುಸ್ವಾಮಿಯ, ಅಂದರೆ ವ್ರತಕ್ಕೆ ದಾರಿ ತೋರುವ ಹಿರಿಯ ಮಾಲೆಧಾರಿಯ ಕೆಲಸ. "ಅದೆಲ್ಲ ಏನೂ ಆಗಲ್ಲ ಬಿಡಿ" ಎಂದು ಸಮಾಧಾನ ಹೇಳಿ ಕಳಿಸಿದರೆ ಶ್ರದ್ಧೆಯುಳ್ಳವರಿಗೆ ಅದು ಅವಮಾನ. ಅವರು ಮತ್ತೆ ಬರುವುದಿಲ್ಲ. ಗುರುಸ್ವಾಮಿಯ ಜೊತೆ ನಾವೂ ಮಾತಾಡಬಹುದೇ ಎಂದು ಕೇಳಿ, ಬರಹದಲ್ಲಿ ಒಪ್ಪಿಗೆ ಪಡೆದೆವು.

ಮುಂದೆ ಹಾಳೆಯ ಮೇಲೆ ಮೂರು ಭಾಗ ಮಾಡಿಸಿದೆವು: ನಡೆದದ್ದು; ಅದಕ್ಕೆ ಮುಂಚಿನ 24 ಗಂಟೆ; ನನಗೆ ನಾನು ಕೊಟ್ಟುಕೊಂಡ ತೀರ್ಪು. ಮೊದಲ ಭಾಗದಲ್ಲಿ ಅವರು ಬರೆದದ್ದು "ನಾನು ಪಾಪಿ". ಅದು ತೀರ್ಪು, ಮೂರನೇ ಭಾಗಕ್ಕೆ ಹೋಗಬೇಕು ಎಂದು ಹೊಡೆಸಿ ಹಾಕಿದೆವು. "ಮಗನಿಗೆ ಎರಡು ಏಟು ಹೊಡೆದೆ" ಎಂದಷ್ಟೇ ಬರೆಯಲು ಅವರಿಗೆ ಹತ್ತು ನಿಮಿಷ ಬೇಕಾಯಿತು. ತಾನು ಪಾಪಿ ಎನ್ನುವುದು ಅದಕ್ಕಿಂತ ಸುಲಭವಾಗಿತ್ತು. ಇಂಥ ಪ್ರಕರಣಗಳಲ್ಲಿ ಹೆಚ್ಚಿನವರು ಇಲ್ಲೇ ಜಾರುತ್ತಾರೆ. ಮಾಡಿದ್ದು ತಪ್ಪು ಎಂದರೆ ಸರಿಪಡಿಸಲು ದಾರಿಯಿದೆ. ನಾನೇ ಕೆಟ್ಟವ ಎಂದರೆ ಸರಿಪಡಿಸಲು ಏನೂ ಉಳಿಯುವುದಿಲ್ಲ, ಶಿಕ್ಷೆ ಒಂದೇ ಉಳಿಯುತ್ತದೆ. ಆ ಶಿಕ್ಷೆಯನ್ನು ಅವರು ದೇವರ ಮನೆಯೊಳಗೆ ತಾವೇ ಕೊಟ್ಟುಕೊಳ್ಳುತ್ತಿದ್ದರು. ಏಟು ತಿಂದವನು ಹೊರಗೆ ಹಜಾರದಲ್ಲಿದ್ದ.

24 ಗಂಟೆಯ ಲೆಕ್ಕ ಹೀಗಿತ್ತು. ಹಿಂದಿನ ರಾತ್ರಿ ಮಾಲೆಧಾರಿಗಳು ಸೇರುವ ಶಿಬಿರದಲ್ಲಿ ಭಜನೆ 11.30ರವರೆಗೆ, ಬೆಳಿಗ್ಗೆ 4ಕ್ಕೆ ಎದ್ದದ್ದು. ಮಧ್ಯಾಹ್ನ 12ಕ್ಕೆ ಮಾಡಿದ ಊಟವೇ ಕೊನೆಯದು. ಹೆಂಡತಿ ಮುಟ್ಟಾಗಿ, ರೂಢಿಯಂತೆ ಮೂರು ದಿನಕ್ಕೆ ತಂಗಿಯ ಮನೆಗೆ ಹೋಗಿದ್ದರು. ಅಡುಗೆ, ಮಗನ ಶಾಲೆ ಎಲ್ಲ ಇವರ ಮೇಲೆ. ಇನ್ನೊಂದು ಸಂಗತಿ ಕೇಳಿದಾಗ ಮಾತ್ರ ಬಂತು: ದಿನಕ್ಕೆ ಎಂಟು ಹತ್ತು ಪೊಟ್ಟಣ ಗುಟ್ಕಾ ಹಾಕುತ್ತಿದ್ದವರು ಮಾಲೆ ಹಾಕಿದ ಬೆಳಿಗ್ಗೆ ಒಂದೇ ಏಟಿಗೆ ಬಿಟ್ಟಿದ್ದರು. ತಂಬಾಕು ಬಿಟ್ಟವರಲ್ಲಿ ಸಿಡುಕು, ಚಡಪಡಿಕೆ ಮೊದಲ ವಾರದಲ್ಲಿ ತೀರಾ ಹೆಚ್ಚು, ಎರಡರಿಂದ ನಾಲ್ಕು ವಾರದವರೆಗೂ ಇರುತ್ತದೆ. ಒಂಬತ್ತು ವರ್ಷವೂ ವ್ರತದ ಮೊದಲ ಇಪ್ಪತ್ತು ದಿನ ಸಿಟ್ಟು ಜಾಸ್ತಿ ಎಂದು ಅವರಿಗೆ ಗೊತ್ತಿತ್ತು, ಆದರೆ ಅದನ್ನು ಶನಿಕಾಟ ಎಂದುಕೊಂಡಿದ್ದರು. ಈ ಯಾವುದೂ ಏಟಿಗೆ ನೆಪವಲ್ಲ, ಅದನ್ನು ಅವರಿಗೂ ಸ್ಪಷ್ಟವಾಗಿ ಹೇಳಿದೆವು. ಆದರೆ ಪ್ರಾಯಶ್ಚಿತ್ತವೆಂದು ಅವರು ಆರಿಸಿಕೊಂಡದ್ದೆಲ್ಲ ನಿದ್ದೆಯನ್ನೂ ಅನ್ನವನ್ನೂ ಮತ್ತಷ್ಟು ಕಡಿಮೆ ಮಾಡುವಂಥದ್ದು. ಅಂದರೆ ಮುಂದಿನ ಏಟಿಗೆ ತಯಾರಿ.

ಎರಡನೇ ಭೇಟಿ ಹೆಂಡತಿಯೊಬ್ಬರ ಜೊತೆ. ಮನೆಯಲ್ಲಿ ಕೈ ಎತ್ತಿದ ಪ್ರಕರಣವಾದರೆ ಇದನ್ನು ಬಿಡುವಂತಿಲ್ಲ, ಗಂಡನ ಎದುರು ಕೇಳಿದರೆ ನಿಜ ಬರುವುದಿಲ್ಲ. ಹಿಂದೆ ಹೊಡೆದಿದ್ದಾರೆಯೇ, ಈಗ ಭಯವಿದೆಯೇ, ಹೋಗಲು ಜಾಗವಿದೆಯೇ ಎಂದು ವಿಚಾರಿಸಿದೆವು. ತನಗೆ ಹೊಡೆದಿಲ್ಲ, ಮಗನಿಗೆ ಕುಡಿದಾಗ ಎರಡು ಮೂರು ಸಲ ಆಗಿದೆ ಅಂದರು. ನಂತರ ಅವರು ಹೇಳಿದ್ದು ಇಡೀ ಪ್ರಕರಣದ ಬೀಗದ ಕೈ: "ಆ 41 ದಿನ ನಾನು ಏನೂ ಹೇಳಂಗಿಲ್ಲ, ಅವರು ಸ್ವಾಮಿ. ಮಾಲೆ ತೆಗೆದ ಮೇಲೂ ಹೇಳಂಗಿಲ್ಲ, ಕುಡಿದಿರ್ತಾರೆ."

ವರ್ಷದ 41 ದಿನ ಒಬ್ಬ ಮನುಷ್ಯ, ಮಿಕ್ಕ 324 ದಿನ ಇನ್ನೊಬ್ಬ. ಸ್ವಾಮಿ ತಪ್ಪೇ ಮಾಡಕೂಡದು, ಮಾಲೆ ತೆಗೆದವನು ಏನು ಮಾಡಿದರೂ ನಡೆಯುತ್ತದೆ. ಪ್ರತಿ ವರ್ಷ ಮಾಲೆ ತೆಗೆದ ಸಂಜೆಯೇ ಗೆಳೆಯರ ಜೊತೆ ಬಾಡೂಟ, ಒಂದು ಕ್ವಾರ್ಟರ್. ಆಮೇಲೆ ವಾರಕ್ಕೆ ಮೂರು ದಿನ. ಮದ್ಯಪಾನ ಅಳೆಯುವ 10 ಪ್ರಶ್ನೆಗಳ ಆಡಿಟ್ ಪಟ್ಟಿಯಲ್ಲಿ ಅವರಿಗೆ 14 ಅಂಕ ಬಂತು. 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅಪಾಯದ ಕುಡಿತ ಎಂದರ್ಥ. "ಒಂದು ಸಲ ತಪ್ಪಿತು, ಇನ್ನೇನು ಉಳಿದಿದೆ" ಎಂಬ ಯೋಚನೆ ಮಾಲೆ ತೆಗೆಯುವ ಹಟದಲ್ಲೂ ಇತ್ತು, ಕುಡಿತದಲ್ಲೂ ಇತ್ತು. ಎರಡಕ್ಕೂ ಬೇರು ಒಂದೇ.

ಗುರುಸ್ವಾಮಿಯದು 22ನೇ ವರ್ಷದ ಮಾಲೆ, ನಿಧಾನದ ಮಾತು. ಮಾಲೆ ತೆಗೆಯುವುದು ಬೇಡವೆಂದರು. ಹೆಚ್ಚಿಗೆ ಮಾಡಿಕೊಂಡ ಸ್ನಾನ, ಶರಣು ಎಲ್ಲ ನಿಲ್ಲಿಸಿ, ಮೊದಲು ಹೇಳಿಕೊಟ್ಟಷ್ಟಕ್ಕೇ ಮರಳಬೇಕೆಂದರು. ಭಜನೆಯಿಂದ 9.30ಕ್ಕೇ ಹೊರಡಲು, ರಾತ್ರಿ ಹಣ್ಣು ಉಪ್ಪಿಟ್ಟು ತಿನ್ನಲು ಅಪ್ಪಣೆ ಕೊಟ್ಟರು. ನಾವು ಸಾವಿರ ಸಲ ಹೇಳಿದರೂ ಈ ಬದಲಾವಣೆ ಆಗುತ್ತಿರಲಿಲ್ಲ.

ಮೂರನೇ ಭೇಟಿಯಲ್ಲಿ ಅವರ ವ್ರತದ್ದೇ ಸಾಮಗ್ರಿಯನ್ನು ಎದುರಿಗಿಟ್ಟುಕೊಂಡೆವು. ದಿನವೂ ಭಜನೆಯ ಕೊನೆಗೆ, ತಿಳಿದೋ ತಿಳಿಯದೆಯೋ ಮಾಡಿದ ತಪ್ಪುಗಳನ್ನು ಮನ್ನಿಸಿ ಕಾಪಾಡು ಎಂದು ಅಯ್ಯಪ್ಪನನ್ನು ಕೇಳಿಕೊಳ್ಳುತ್ತಾರಲ್ಲ, ಅದು ಯಾರಿಗಾಗಿ ಇದೆ? ತಪ್ಪೇ ಆಗದವರ ವ್ರತವಾಗಿದ್ದರೆ ಆ ಸಾಲನ್ನು 41 ದಿನವೂ ಹೇಳಿಸುತ್ತಿರಲಿಲ್ಲ. ಶಬರಿಮಲೆ ಗುಡಿಯ ಹದಿನೆಂಟು ಮೆಟ್ಟಿಲುಗಳಿಗೆ ಹೇಳುವ ಅರ್ಥ ಅವರಿಗೆ ಬಾಯಿಪಾಠ: ಐದು ಇಂದ್ರಿಯ, ಕಾಮ ಕ್ರೋಧ ಮೊದಲಾದ ಎಂಟು, ಮೂರು ಗುಣ, ಕೊನೆಗೆ ವಿದ್ಯೆ ಅವಿದ್ಯೆ. ಕ್ರೋಧದ ಮೆಟ್ಟಿಲನ್ನು ಹಾರಿಕೊಂಡು ಹೋಗಲು ಬರುತ್ತದೆಯೇ ಎಂದು ಕೇಳಿದಾಗ ಬಹಳ ಹೊತ್ತು ಸುಮ್ಮನಿದ್ದರು.

ಶಬರಿಮಲೆಗೆ ತಲೆಯ ಮೇಲೆ ಹೊತ್ತೊಯ್ಯುವ ಗಂಟಾದ ಇರುಮುಡಿಯ ಮಾತು ಬಂದಾಗ ಅವರೇ ವಿವರಿಸಿದರು. ಮುಂದಿನ ಮುಡಿಯಲ್ಲಿ ದೇವರಿಗೆ ಸಲ್ಲುವುದು: ನೀರು ತೆಗೆದು, ಕಣ್ಣಿನಿಂದ ತುಪ್ಪ ತುಂಬಿ, ಬಿರಡೆ ಹಾಕಿ ಮುಚ್ಚಿದ ತೆಂಗಿನಕಾಯಿ, ಕರ್ಪೂರ, ಅರಿಸಿನ. ಹಿಂದಿನ ಮುಡಿಯಲ್ಲಿ ದಾರಿಗೆ ತನಗೆ ಬೇಕಾದ ಅಕ್ಕಿ, ತಿಂಡಿ. ಎರಡೂ ಒಂದೇ ಬಟ್ಟೆಯ ಗಂಟು, ಹೊರುವ ತಲೆಯೂ ಒಂದೇ. ಅದಿಲ್ಲದೆ ಹದಿನೆಂಟು ಮೆಟ್ಟಿಲು ಹತ್ತಿಸುವುದಿಲ್ಲ. "ಹಿಂದಿನ ಮುಡಿಯನ್ನ ಬಿಚ್ಚಿಟ್ಟು ಹತ್ತೋಕೆ ಹೊರಟಿದ್ದೆ" ಅಂದರು. ಹಸಿವು, ನಿದ್ದೆ, ಸಿಡುಕು, ಗ್ಯಾರೇಜಿನ ಸಾಲ, ಇವೆಲ್ಲ ಹಿಂದಿನ ಮುಡಿಯವು. ಅವನ್ನು ಲೆಕ್ಕಕ್ಕೆ ತಂದುಕೊಳ್ಳದೆ ಮುಂದಿನದನ್ನು ಹೊರಲಾಗದು.

ಇಷ್ಟು ಅರ್ಥವಾದರೆ ಸಾಲದು, ಮಗನ ಹತ್ತಿರ ಹೋಗಬೇಕು. ಕಾಲಿಗೆ ಬಿದ್ದದ್ದು ಏಕೆ ಕೆಲಸ ಮಾಡಲಿಲ್ಲ ಎಂದರೆ, ಒಂಬತ್ತು ವರ್ಷದ ಮಗುವಿಗೆ ಅಪ್ಪ ತನ್ನ ಕಾಲ ಬಳಿ ಅಳುವುದು ಏಟಿಗಿಂತ ದೊಡ್ಡ ಭಯ. ಹೊಡೆದವನನ್ನು ಸಮಾಧಾನ ಮಾಡುವ ಹೊರೆಯೂ ಮಗುವಿನ ಮೇಲೇ ಬೀಳುತ್ತದೆ. ನಾವು ಹೇಳಿಕೊಟ್ಟ ಕ್ರಮ: ಮಗನ ಪಕ್ಕ ನೆಲದ ಮೇಲೆ ಕೂರಬೇಕು, ಮುಖ ಸಮವಾಗಿರಬೇಕು. "ಮೊನ್ನೆ ನಾನು ನಿನಗೆ ಎರಡು ಏಟು ಹೊಡೆದೆ. ಅದು ತಪ್ಪು. ತಪ್ಪು ನಂದು, ನಿಂದಲ್ಲ. ಇನ್ನು ಸಿಟ್ಟು ಬಂದ್ರೆ ನಾನು ಜಗಲಿಗೆ ಹೋಗಿ ನಿಲ್ತೀನಿ." ಇಷ್ಟೇ. ಒಂದು ನಿಮಿಷ ದಾಟಬಾರದು. "ಆದರೆ ನೀನೂ" ಎಂದು ಶುರುವಾದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. "ಕ್ಷಮಿಸಿದೀಯಾ" ಎಂದು ಕೇಳಕೂಡದು, ಏಕೆಂದರೆ ಮಗು ಇಲ್ಲ ಅನ್ನಲಾರದು. ಪೂಜೆಯ ಜಾಗದಲ್ಲಿ ತಿಂಡಿ ಇಡಬಾರದೆಂಬ ಬುದ್ಧಿಮಾತನ್ನು ಎರಡು ದಿನ ಬಿಟ್ಟು ಬೇರೆಯಾಗಿ ಹೇಳಬೇಕು. ಇದನ್ನು ನಮ್ಮ ಕೋಣೆಯಲ್ಲಿ ನಾಲ್ಕು ಸಲ ಆಡಿಸಿ ನೋಡಿದೆವು. ಮೂರು ಸಲ "ಆದರೆ" ಬಂತು.

ಜಗಲಿಯ ಮಾತಿಗೂ ಅಳತೆಯಿದೆ. ದವಡೆ ಬಿಗಿಯುವುದು, ಕಿವಿ ಬಿಸಿಯಾಗುವುದು ಅವರಿಗೆ ಸಿಟ್ಟಿನ ಮುನ್ಸೂಚನೆ. ಅದು ತಿಳಿದ ಕೂಡಲೇ ಹೇಳಿ ಹೊರಡಬೇಕು, ಹೇಳದೆ ಎದ್ದುಹೋದರೆ ಮನೆಯವರಿಗೆ ಅದೂ ಬೆದರಿಕೆಯೇ. ಮೈ ತಣ್ಣಗಾಗಲು ಕನಿಷ್ಠ 20 ನಿಮಿಷ ಬೇಕು. ಅಲ್ಲಿ ನಿಂತು ಮನಸ್ಸಿನಲ್ಲೇ ವಾದ ಮುಂದುವರಿಸಿದರೆ ಒಂದು ಗಂಟೆಯೂ ಸಾಲದು; ಅಲ್ಲಿ ಶರಣು ಹೇಳಿಕೊಳ್ಳಲಿ, ಅದರ ಜಾಗ ಅದು.

ಮಗ ಆ ಒಂದು ನಿಮಿಷದ ಮಾತು ಕೇಳಿ ಒಂದೇ ಪ್ರಶ್ನೆ ಹಾಕಿದನಂತೆ: "ಮಾಲೆ ತೆಗೆದ ಮೇಲೆ?"

ಆದ್ದರಿಂದ ನಾಲ್ಕನೇ ಭೇಟಿ ಪೂರ್ತಿ 42ನೇ ದಿನದ ಬಗ್ಗೆ. ವ್ರತದ ಹದಿನೈದು ನಿಯಮಗಳನ್ನೂ ವರ್ಷವಿಡೀ ಇಟ್ಟುಕೊಳ್ಳುತ್ತೇನೆ ಎಂದರು. ಬೇಡವೆಂದೆವು, ಅಷ್ಟನ್ನು ಹೊತ್ತವರು ಹದಿನೈದನೇ ದಿನಕ್ಕೆ ಎಲ್ಲವನ್ನೂ ಇಳಿಸುತ್ತಾರೆ. ಮೂರನ್ನು ಆರಿಸಿದರು. ಬೆಳಿಗ್ಗೆ ದೀಪ ಹಚ್ಚಿ ಹತ್ತು ನಿಮಿಷ ಕೂರುವುದು. ಗುಟ್ಕಾ ಮತ್ತೆ ಮುಟ್ಟದಿರುವುದು. ಮೂರನೆಯದು ನಮಗೂ ಹೊಳೆದಿರಲಿಲ್ಲ: ವ್ರತದಲ್ಲಿ ಗ್ಯಾರೇಜಿನ ಹುಡುಗರನ್ನು "ಸ್ವಾಮಿ" ಎಂದು ಕರೆಯುತ್ತಿದ್ದರು, ಮಾಲೆ ತೆಗೆದ ಮರುದಿನದಿಂದ "ಲೋ" ಅಲ್ಲದೆ ಹೆಸರು ಹಿಡಿದೇ ಕರೆಯುವುದು. ಶಬರಿಮಲೆಯಲ್ಲಿ ಗುಡಿಯ ಮುಂದೆ "ತತ್ತ್ವಮಸಿ" ಎಂದು ಬರೆದಿದೆ, ಅದು ನೀನೇ ಎಂದು. ಆ ಮಾತು ಮಾಲೆ ಹಾಕಿದವರಿಗಷ್ಟೇ ಅನ್ವಯವಲ್ಲ ಎಂದು ಅವರು ಕಂಡುಕೊಂಡದ್ದು ಹೀಗೆ.

ಮಾಲೆಯನ್ನು ಮನೆ ಹತ್ತಿರದ ಗುಡಿಯಲ್ಲಿ, ಬೆಳಿಗ್ಗೆ, ಹೆಂಡತಿ ಮಗನ ಎದುರು ತೆಗೆಸಿಕೊಳ್ಳುವುದು, ಅಂದಿನ ಬಾಡೂಟಕ್ಕೆ ಹೋಗದಿರುವುದು ಎಂದು ಗೊತ್ತಾಯಿತು. ಕುಡಿತದ ಬಗ್ಗೆ ಒಂದು ಎಚ್ಚರಿಕೆ ಕೊಟ್ಟೆವು: 41 ದಿನ ಬಿಟ್ಟ ಮೈ ಹಳೆಯ ಅಳತೆಯನ್ನು ತಡೆಯುವುದಿಲ್ಲ, ಅದೇ 180 ಎಂ.ಎಲ್. ಹೆಚ್ಚು ಏರುತ್ತದೆ. ತಪ್ಪಿದರೆ ಏನು ಮಾಡಬೇಕೆಂಬುದನ್ನೂ ಮುಂಚೆಯೇ ಬರೆದುಕೊಂಡರು. 24 ಗಂಟೆಯೊಳಗೆ ಹೆಂಡತಿಗೆ ತಾವೇ ಹೇಳುವುದು. ಮರುದಿನ ದೀಪ ಎಂದಿನಂತೆ, ಹತ್ತೇ ನಿಮಿಷ, ದಂಡವೆಂದು ಹೆಚ್ಚಿಸುವಂತಿಲ್ಲ. ಹಿಂದಿನ 24 ಗಂಟೆಯ ಲೆಕ್ಕ ಬರೆಯುವುದು. ವಾರದಲ್ಲಿ ಎರಡು ಸಲವಾದರೆ ನಮಗೆ ಫೋನ್.

ಇದನ್ನು ಓದುವವರಿಗೆ ಎರಡು ಮಾತು. ದಿನವೂ ಕುಡಿಯುವವರು ಮಾಲೆಗೆಂದು ಒಮ್ಮೆಲೇ ಬಿಟ್ಟರೆ ಮೊದಲ ಎರಡು ದಿನಗಳಲ್ಲಿ ಕೈನಡುಕ, ಫಿಟ್ಸ್, ಎರಡರಿಂದ ನಾಲ್ಕನೇ ದಿನದೊಳಗೆ ಭ್ರಮೆ, ಬಡಬಡಿಕೆ ಕಾಣಿಸಬಹುದು. ಇದು ಪ್ರಾಣಕ್ಕೆ ಕುತ್ತು. ವೈದ್ಯರನ್ನು ಕಂಡು, ಮಾತ್ರೆಯ ಆಸರೆಯಲ್ಲಿ ಬಿಟ್ಟು, ಆಮೇಲೆ ಮಾಲೆ ಹಾಕಿ. ಇನ್ನೊಂದು: ಪೂಜೆಯ ಹೊತ್ತಿಗೆ ಬೇಡವೆಂದರೂ ಹೊಲಸು ಚಿತ್ರಗಳು ಬರುವುದು, ಎಣಿಕೆ ತಪ್ಪಿತೆಂದು ಮತ್ತೆ ಮತ್ತೆ ಮೊದಲಿನಿಂದ ಹೇಳುವುದು, ಶುದ್ಧಿಗೆಂದು ದಿನಕ್ಕೆ ಗಂಟೆಗಟ್ಟಲೆ ತೊಳೆಯುವುದು ಗೀಳು ಕಾಯಿಲೆ ಇರಬಹುದು. ಅದು ಭಕ್ತಿಯ ಕೊರತೆಯಲ್ಲ. ಔಷಧ ಮತ್ತು ವರ್ತನಾ ಚಿಕಿತ್ಸೆ ಎರಡಕ್ಕೂ ಬಗ್ಗುತ್ತದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಮಾಲೆ ತೆಗೆದು ಮೂರೂವರೆ ತಿಂಗಳಲ್ಲಿ ಅವರು ಎರಡು ಸಲ ಕುಡಿದರು. ಮೊದಲ ಸಲ ಹೆಂಡತಿಗೆ ಹೇಳಲು ಮೂರು ದಿನ ತೆಗೆದುಕೊಂಡರು, ಆ ಮೂರು ದಿನ ದೀಪವೂ ಇಲ್ಲ. ಎರಡನೆಯದು ಯುಗಾದಿಯ ಮಾರನೇ ದಿನ, ಹೊಸತೊಡಕಿಗೆ. ಅಂದು ರಾತ್ರಿಯೇ ಹೇಳಿದರು, ಬೆಳಿಗ್ಗೆ ದೀಪ ಹಚ್ಚಿದರು. ಮಗನ ಮೇಲೆ ಕೈ ಎತ್ತಿಲ್ಲವೆಂದು ಹೆಂಡತಿ ಬೇರೆಯಾಗಿ ಖಚಿತಪಡಿಸಿದ್ದಾರೆ. ಗುಟ್ಕಾ ಜನವರಿಯಲ್ಲೇ ಮರಳಿತು. ಅದಕ್ಕೆ ಜಿಲ್ಲಾಸ್ಪತ್ರೆಯ ತಂಬಾಕು ಬಿಡಿಸುವ ವಿಭಾಗಕ್ಕೆ ಕಳಿಸಿದ್ದೇವೆ, ನಿಕೋಟಿನ್ ಚೂಯಿಂಗ್ ಗಮ್ ನಡೆಯುತ್ತಿದೆ.

ಕೊನೆಯ ಭೇಟಿಯಲ್ಲಿ ಹತ್ತನೇ ವರ್ಷದ ಮಾಲೆಯ ಮಾತು ಬಂತು. ಹೆಂಡತಿ ಒಂದು ಷರತ್ತು ಮುಂದಿಟ್ಟರು: ಮುಟ್ಟಿನ ಮೂರು ದಿನ ತಾನು ಮನೆ ಬಿಟ್ಟು ಹೋಗುವುದಿಲ್ಲ, ಮಲಗಲು ಗಂಡನೇ ಶಿಬಿರಕ್ಕೆ ಹೋಗಲಿ. ಗುರುಸ್ವಾಮಿಯನ್ನು ಕೇಳಿಕೊಂಡು ಬಂದರು. ಶಿಬಿರದಲ್ಲಿ ಚಾಪೆಗೆ ಜಾಗವಿದೆಯಂತೆ.